ಯಾರ ಮನೆಯವರು

ಹಳೇ ಸೋಫಾವನ್ನು ಜಗಲಿಯಲ್ಲಿಟ್ಟು ಮಾರುವುದೋ, ಇಂಟರ್ನೆಟ್ಟಿನಲ್ಲಿ ಮಾರುವುದೋ ಎಂಬ ಗಹನವಾದ ಪ್ರಶ್ನೆ ಜಾವಳಿಯ ದಿಲೀಪನ ಮನೆಯಲ್ಲಿ ಅಂದು ಇತ್ಯರ್ಥವಾಗುವುದರಲ್ಲಿತ್ತು. ಜಗಲಿಯಲ್ಲಿಟ್ಟಿದ್ದ ಟಿವಿ, ಮಿಕ್ಸಿ, ಮಂಚಗಳನ್ನು ಅವನ ತಾಯಿ ರುಕ್ಮಿಣಮ್ಮ, "ನಮ್ಮೋರ ಹತ್ರ ದುಡ್ಡು ಇಸ್ಕೊಳ್ಳೋದಾ?" ಎಂದು ನೋಡಲು ಬಂದವರಿಗೇ ಕೊಟ್ಟು, ಜೊತೆಗೊಂದು ಬಾಳೆಗೊನೆಯನ್ನೂ ಹೊರಿಸಿ ಕಳಿಸಿದ್ದರು. ಇಂಟರ್ನೆಟ್ಟಿನಿಂದ ಬರುವವರು ನಮ್ಮವರಾಗಿರುವುದಿಲ್ಲ ಎಂಬ ಧೈರ್ಯದ ಮೇಲೆ ದಿಲೀಪ ಮೂಡಿಗೆರೆಯ ಸೈಬರ್ ಕೆಫೆಗೆ ಹೋಗಿ ಸೋಫಾದ ಫೋಟೋ ಹಾಕಿ ಬಂದಿದ್ದ.

ಹಾಗೆ ವಸ್ತಾರೆಯಿಂದ ಜೀಪಿನಲ್ಲಿ ಬಂದ ಅಪರಿಚಿತ ಈಗ ಅದೇ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ರೇಟು ಕುದುರಿತ್ತು. ಅವನ ಕೈ ಜೇಬಿಗೆ ಹೋಯಿತು. ರುಕ್ಮಿಣಮ್ಮ ಬಾಯಿ ತೆರೆದರು.

"ಅಮ್ಮಾ, ಒಳಗೆ ಹಾಲು ಉಕ್ತಾ ಇದೆ," ಎಂದ ದಿಲೀಪ.

"ಒಲೆ ಆರ್ಸೇ ಬಂದಿದೀನಿ ಮಾರಾಯ." ಅವರು ಗಿರಾಕಿಯ ಕಡೆ ತಿರುಗಿದರು. "ವಸ್ತಾರೇಲಿ ನೀವು ಯಾರ ಮನೆಯೋರು?"

"ಕೆಳಗಿನಮನೆ ಪುಟ್ಟೇಗೌಡರ ಮಗ."

"ಹಂಗಾದ್ರೆ ಗೋಣಿಬೀಡಿನ ಲಲಿತ ನಿಮಗೇನಾಗ್ಬೇಕು?"

"ಚಿಕ್ಕಮ್ಮ."

ದಿಲೀಪ ಕಣ್ಣು ಮುಚ್ಚಿಕೊಂಡ.

"ನಮ್ಮ ನಾದಿನಿ ಕಣಪ್ಪಾ ಅವಳು. ತೆಗಿ, ಜೇಬಿಂದ ಕೈ ತೆಗಿ."

ಸೋಫಾ ಜೀಪಿನಲ್ಲಿ ಹೋಯಿತು. ಬಾಳೆಗೊನೆ ಅದರ ಮೇಲಿತ್ತು.