ಬಿಳಿ ಗೀರು

ಮೂರನೆಯ ಮೂಗರ್ಜಿಯನ್ನು ವಾಮದೇವಪ್ಪ ಮಗಳ ಮುಂದೆ ಎಸೆದರು. "ಓದು. ನಿನಗೆ ಮೂರ್ಛೆರೋಗ ಐತಂತೆ. ಕುಕ್ಕುವಾಡದ ಗಂಡಿನ ಕಡೇರೂ ಬ್ಯಾಡ ಅಂದ್ರು."

ನಯನಾ ಓದಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಕ್ಷರಗಳು. ಪ್ರತಿ ಸಾಲನ್ನೂ ಅಡ್ಡಕ್ಕೆ ಸೀಳಿದಂತೆ ಕೂದಲೆಳೆಯಷ್ಟು ಬಿಳಿ ಗೀರು.

"ಇದು ಯಾವ ಪ್ರಿಂಟರಿಂದು ಅಂತ ನಂಗೊತ್ತು, ಅಪ್ಪಾ."

ನಿಟ್ಟುವಳ್ಳಿಯಲ್ಲಿ ಬಕ್ಕೇಶನ ಕಂಪ್ಯೂಟರ್ ಸೆಂಟರ್. ನಾಲ್ಕು ವರ್ಷದಿಂದ ಅಲ್ಲಿನ ಕೆಲಸವೆಲ್ಲ ನಯನಾಳದೇ. ಬೆಳಿಗ್ಗೆ ಹುಡುಗ ಹುಡುಗಿಯರಿಗೆ ಸಿ ಭಾಷೆಯ ಪಾಠ. ಮಧ್ಯಾಹ್ನ ಬಟ್ಟೆ ಅಂಗಡಿಗಳಿಗೆ ಫಾಕ್ಸ್‌ಪ್ರೊದಲ್ಲಿ ಲೆಕ್ಕದ ಪ್ರೋಗ್ರಾಂ. ಗುರುವಾರ ಬಕ್ಕೇಶನ ಕಾರಿನಲ್ಲಿ ಹರಿಹರಕ್ಕೆ ಹೋಗಿ, ಕಾರ್ಖಾನೆಯೊಂದರ ಹಳೆಯ ಕೋಬಾಲ್ ಪ್ರೋಗ್ರಾಂಗಳು ಎರಡು ಸಾವಿರದ ಇಸವಿ ದಾಟುವಂತೆ ತಿದ್ದಬೇಕು. ಅವಳು ತಿದ್ದುವಾಗ ಬಕ್ಕೇಶ ಅಧಿಕಾರಿಗಳ ಜೊತೆ ಚಹಾ ಕುಡಿಯುತ್ತಿದ್ದ.

ಉಳಿದ ಹೊತ್ತಿನಲ್ಲಿ ಪರ್ಲ್ ಎಂಬ ಇನ್ನೊಂದು ಪ್ರೋಗ್ರಾಂ ಭಾಷೆ ಕಲಿತು, ಎಂಟು ತಿಂಗಳು ಕೂತು, ತಮ್ಮ ಸಮಾಜದ ವಧೂವರರಿಗಾಗಿ ಕನ್ನಡದಲ್ಲೇ ಒಂದು ವೆಬ್‌ಸೈಟು ಕಟ್ಟಿದಳು. ಉದ್ಘಾಟನೆಯ ದಿನ ಪರದೆಯ ಕೆಳಗೆ ಒಂದೇ ಹೆಸರಿತ್ತು: 'ತಯಾರಿಸಿದವರು ಬಕ್ಕೇಶ್'. ಕೊರಳಲ್ಲಿ ಹಾರ ಹಾಕಿಕೊಂಡವನು ಹಿಂದೆ ನಿಂತಿದ್ದ ಅವಳನ್ನು ತೋರಿಸಿ, "ನಮ್ಮಲ್ಲಿ ಟೈಪಿಂಗ್ ಮಾಡೋ ಹುಡುಗಿ" ಎಂದ. ಕಾಫಿ ತರಲು ಅವಳನ್ನೇ ಕಳಿಸಿದ.

ಆ ಹೆಸರು ಅಲ್ಲಿಂದ ಅಳಿಯಬೇಕು. ಅಂದಿನಿಂದ ನಯನಾಳಿಗೆ ಬೇರೇನೂ ಬೇಕಿರಲಿಲ್ಲ.

ಭಾನುವಾರ ವಾಮದೇವಪ್ಪ ಸಮಾಜದ ಇಬ್ಬರು ಹಿರಿಯರನ್ನು ಕರೆದುಕೊಂಡು ಮಗಳ ಜೊತೆ ಸೆಂಟರಿಗೆ ಬಂದರು. ಎಲ್ಲರೂ ಚಪ್ಪಲಿ ಬಿಟ್ಟು ಏಸಿ ಕೋಣೆ ಹೊಕ್ಕರು.

"ಬರ್ರಿ, ಕೂಡ್ರಿ. ಮಗಳಿಗೆ ಗಂಡು ಹುಡುಕಾಕ ಬಂದ್ರಾ? ನನ್ನ ವೆಬ್‌ಸೈಟ್ ಐತಲ್ಲ," ಎಂದ ಬಕ್ಕೇಶ.

"ಹುಡುಕೋದೂ ನಿಂದೇ, ಮುರಿಯೋದೂ ನಿಂದೇ ಏನಪ್ಪ?" ಎಂದರು ವಾಮದೇವಪ್ಪ.

ನಯನಾ ಒಂದು ಹಾಳೆ ಪ್ರಿಂಟ್ ತೆಗೆದು, ಗಂಡಿನ ಕಡೆಯವರಿಂದ ತರಿಸಿದ್ದ ಮೂರು ಮೂಗರ್ಜಿಗಳ ಪಕ್ಕ ಇಟ್ಟಳು. ಅದೇ ಗೀರು.

"ಒಂದು ಪಿನ್ ಸತ್ತೈತೆ, ಹೆಡ್ ಬದಲಿಸ್ರಿ ಅಂತ ಎಷ್ಟು ಸಲ ಹೇಳ್ದೆ ಸರ್. ಓದಾಕ ಬರ್ತೈತಲ್ಲ, ಬಿಡು ಅಂದ್ರಿ."

ಹಿರಿಯರೊಬ್ಬರು ಲಕೋಟೆಗಳನ್ನು ತಿರುಗಿಸಿದರು. ಮೂರಕ್ಕೂ ಹರಿಹರದ ಅಂಚೆ ಮುದ್ರೆ. ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ತಾರೀಖು ನೋಡಿದರು. ಮೂರೂ ಗುರುವಾರ.

"ಗುರುವಾರ ಎಲ್ಲಿರ್ತೀಯಪ್ಪ?"

"ಹರಿಹರದಾಗ. ಆದ್ರೆ ನಾ ಯಾಕ ಬರೀಲಿ?"

"ಬಂದ ಗಂಡಿನ ಕಡೇರೆಲ್ಲ ಮದುವೆ ಆದ್ಮೇಲೆ ಕೆಲಸ ಬಿಡಿಸ್ತೀವಿ ಅಂದ್ರು," ಎಂದರು ವಾಮದೇವಪ್ಪ. "ಇವಳು ಹೋದ್ರೆ ನಿನ್ನ ಅಂಗಡಿ ನಡೆಸೋರು ಯಾರು?"

ಬಕ್ಕೇಶ ಅವಳ ಕಡೆ ತಿರುಗಿದ. "ನಯನಾ, ನೀನಾದ್ರೂ ಹೇಳಮ್ಮ. ನನಗೆ ಕನ್ನಡ ಟೈಪಿಂಗ್ ಬರಲ್ಲ, ನಿನಗೊತ್ತಲ್ಲ."

"ಅಷ್ಟು ದೊಡ್ಡ ವೆಬ್‌ಸೈಟ್ ಮಾಡಿದೋರು ನೀವು. ಟೈಪಿಂಗ್ ಬರಲ್ವಾ ಸರ್?"

ಬಕ್ಕೇಶ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದ. "ಅದನ್ನ ಮಾಡಿದ್ದು ಇವಳೇ," ಎಂದ. "ನಾ ಹೆಸರು ಹಾಕ್ಕೊಂಡೆ ಅಷ್ಟೇ."

"ಹಂಗಾದ್ರೆ ಅದೂ ಸುಳ್ಳು," ಎಂದು ಹಿರಿಯರು ಎದ್ದರು. ಚಪ್ಪಲಿ ಮೆಟ್ಟುವವರೆಗೂ ಅವನು ಏನೇನೋ ಹೇಳುತ್ತಲೇ ಇದ್ದ. ನಯನಾ ಪ್ರಿಂಟರಿನ ಸ್ವಿಚ್ ಆರಿಸಿದಳು.

ಸಂಬಂಧ ಮುರಿಯುವವನ ಕೈಗೆ ಮಗಳ ಫೋಟೋ ಯಾರು ಕೊಡುತ್ತಾರೆ? ವಾರದೊಳಗೆ ಮನೆಮನೆಯವರೂ ಬಂದು ಫೋಟೋ ವಾಪಸು ಒಯ್ದರು. ಸಿ ಕಲಿಯುವ ಹೆಣ್ಣುಮಕ್ಕಳು ಬರುವುದನ್ನು ಬಿಟ್ಟರು. ಸೆಂಟರಿನ ಷಟರ್ ಕೆಳಗಿಳಿಯಿತು. ವೆಬ್‌ಸೈಟನ್ನು ಇನ್ನು ಮುಂದೆ ನಯನಾಳೇ ನೋಡಿಕೊಳ್ಳಲಿ ಎಂದು ಸಮಾಜ ತೀರ್ಮಾನಿಸಿತು. ಸಮಾಜದ ಕಚೇರಿಯ ಕಂಪ್ಯೂಟರಿನಲ್ಲಿ ಅವನ ಹೆಸರು ಅಳಿಸಿ ತನ್ನದು ಬರೆಯಲು ಅವಳಿಗೆ ಒಂದು ನಿಮಿಷ ಹಿಡಿಯಿತು. ಹತ್ತು ನಿಮಿಷ ಅದನ್ನೇ ನೋಡುತ್ತ ಕೂತಳು.

ಸಂಜೆ ಮನೆಗೆ ಬಂದರೆ ಅಪ್ಪನ ಕೈಯಲ್ಲಿ ಪೇಡೆಯ ಪೊಟ್ಟಣ.

"ಕುಕ್ಕುವಾಡದವರು ಫೋನ್ ಮಾಡಿದ್ರು. ತಪ್ಪಾತು ಅಂದ್ರು. ಬರೋ ಶುಕ್ರವಾರ ನಿಶ್ಚಿತಾರ್ಥ. ಇನ್ನು ಎಂಥಾ ಕಾಗದ ಬಂದ್ರೂ ಆ ಬಕ್ಕೇಶಂದೇ ಅಂತ ಒಲೆಗೆ ಹಾಕ್ತಾರಂತೆ. ಕಂಪ್ಯೂಟರ್ ಇನ್ನು ಸಾಕು ಬಿಡವ್ವ."

ತಾಯಿ ಕಸ್ತೂರಮ್ಮ ಮಗಳ ಬಾಯಿಗೆ ಪೇಡೆ ಇಟ್ಟರು. "ಎಲ್ಲ ನೀನೇ ಮಾಡಿದ್ದು," ಎಂದರು.

ನಯನಾ ಒಳಗೆ ಹೋಗಿ, ಬೀರುವಿನಲ್ಲಿ ಸೀರೆಗಳ ಕೆಳಗೆ, ಆ ಮೂರರ ಜೊತೆಗೇ ತಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದ ನಾಲ್ಕನೆಯ ಮೂಗರ್ಜಿಯನ್ನು ಎಳೆದು ಹರಿದುಹಾಕಿದಳು.