ಗೀರು ಬೀಳದ ಕನ್ನಡಕ

“ನಿನ್ನ ಮದುವಿ ದಿನ ನಾನೇ ಹಾಕ್ಕಂತೆ ಮಗಾ. ಅಲ್ಲೀವರೆಗೆ ಒಂದು ಗೀರೂ ಬೀಳೂಕೆ ಬಿಡೂದಿಲ್ಲ,” ಎಂದು ಹೊನ್ನಪ್ಪ ಮಗಳ ಎದುರೇ ಕಪ್ಪು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟ.

ಉಪ್ಪು ತೆಗೆಯುವ ಆಗರದ ಬಿಸಿಲಲ್ಲಿ ಹೀಗೇ ದುಡಿದರೆ ಕಣ್ಣು ಹೋಗುತ್ತದೆಂದು ಡಾಕ್ಟರು ಹೆದರಿಸಿದ್ದಕ್ಕೆ ಅವಳು ತಂದುಕೊಟ್ಟದ್ದು ಅದು.

“ಅಪ್ಪಾ, ಆಗರಕ್ಕೆ ಹಾಕ್ಕೋ ಅಂತ ತಂದದ್ದು!”

“ಇಷ್ಟು ಚಂದದ್ದಕ್ಕೆ ಉಪ್ಪು ಹಿಡಿಸೂದಾ?”

ಆಗರದಲ್ಲಿ ಬರಿಗಣ್ಣಲ್ಲೇ ವರ್ಷಗಳು ಕಳೆದವು. ಮಗಳ ಮದುವೆಯ ದಿನ ಅವನು ಕನ್ನಡಕ ಹಾಕಿಕೊಂಡೇ ಮಂಟಪಕ್ಕೆ ಬಂದ.

“ಎಂತ ಭಾವ, ಚಪ್ಪರದ ಒಳಗೂ ಬಿಸಿಲಾ?” ಎಂದು ಹೆಂಡತಿಯ ತಮ್ಮ ಕೆಣಕಿದ. ಎಲ್ಲರೂ ನಕ್ಕರು. ಅವನೂ ನಕ್ಕ.

ಧಾರೆ ಎರೆಯಲು ಚೊಂಬು ಬಗ್ಗಿಸಿದಾಗ ನೀರು ವಧೂವರರ ಕೈ ತಪ್ಪಿ ನೆಲಕ್ಕೆ ಬಿತ್ತು.

“ಕೈ ಎಲ್ಲುಂಟೇ ಮಗಾ?” ಎಂದು ಅವನು ಪಿಸುಗುಟ್ಟಿದ.

ಕೊಟ್ಟ ಮಾತಿನಂತೆ, ಕನ್ನಡಕದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.