ಮೂರು ಬೆರಳಿನ ಹೆಜ್ಜೆ

"ಇಲಿ ಅಲ್ಲ, ಬೆಕ್ಕು!" ವೇಕಾ ಹಕ್ಕಿಯ ಗೂಡಿನ ಬಳಿ ಹೆಜ್ಜೆ ಗುರುತು ಹಿಡಿಯಲೆಂದು ಶಾಯಿ ಸವರಿ ಇಟ್ಟಿದ್ದ ರಟ್ಟನ್ನು ಹೋಹೆಪಾ ಮೇಜಿನ ಮೇಲೆಸೆದ. ಅದರ ಮೇಲೆ ಹೆಜ್ಜೆ ಮೂಡಿತ್ತು. "ಮೂರೇ ಬೆರಳು. ಎರಡು ಮರಿ ತಿಂದಿದೆ ಕಳ್ಳಮುಂಡೇದು. ಇವತ್ತೇ ಬೋನು ಇಡೋಣ. ಬಿದ್ರೆ ಗುಂಡೇ ಗತಿ."

ರಾಹೆರಾ ಬಲಗೈಯನ್ನು ಮೇಜಿನ ಕೆಳಗೆ ಸರಿಸಿದಳು. ಬೆಳಿಗ್ಗೆ ತನ್ನ ಮೂರು ಬೆರಳಿನ ಬೆಕ್ಕಿನ ಪಾದಕ್ಕಂಟಿದ್ದ ಕಪ್ಪನ್ನು ಒರೆಸುವಾಗ ಅದು ಒಲೆಯ ಮಸಿ ಎಂದುಕೊಂಡಿದ್ದಳು. ಎಷ್ಟು ಉಜ್ಜಿದರೂ ಕೈಗಂಟಿದ ಕಪ್ಪು ಹೋಗಿರಲಿಲ್ಲ.

"ಏನ್ ಚಿಕ್ಕಮ್ಮಾ, ಕೂತಲ್ಲೇ ಕಾಲು ಕುಣಿಸ್ತಿದ್ದೀರಿ? ಊರಿಗೆಲ್ಲ ಬೋನು ಹಂಚಿದವರು ನೀವು. ಎಲ್ಲಿಡೋದು, ನೀವೇ ಹೇಳಿ."

ಹೊರಗೆ ತಾಯಿ ವೇಕಾ ಇನ್ನೂ ಮರಿಗಳನ್ನು ಕರೆಯುತ್ತಲೇ ಇತ್ತು. ರಾಹೆರಾ ಕೈ ಮೇಲೆತ್ತಿ, ಕಪ್ಪು ಬೆರಳುಗಳನ್ನು ಆ ಹೆಜ್ಜೆಯ ಪಕ್ಕದಲ್ಲಿಟ್ಟಳು.

"ನಮ್ಮನೆ ಹಿಂಬಾಗಿಲಲ್ಲಿ ಇಡಪ್ಪಾ."